ಇಂಗ್ಲಿಷ್ ಪಾಠದ ಬಗ್ಗೆ ನಮ್ಮದೊಂದು ಮಾತು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಹತ್ತನೇ ತರಗತಿಯ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹರೂಪ)



ಸುವರ್ಣ ಮಹೋತ್ಸವ ಅಂದಮೇಲೆ ಹಳೆಯ ವಿದ್ಯಾರ್ಥಿಗಳು ಬಂದು ನೆನಪು ಹೇಳಿ, ಗುರುಗಳಿಗೆ ಕೈಮುಗಿದು, ಊಟ ಮಾಡಿ ಹೋಗುವುದು ರೂಢಿ. ನೆನಪು ಹೇಳುವವರು ಇಂದು ಬಹಳ ಜನ ಇದ್ದಾರೆ. ನನಗೆ ಮುಖ್ಯೋಪಾಧ್ಯಾಯರು ಬೇರೆ ಕೆಲಸ ವಹಿಸಿದ್ದಾರೆ. "ನೀವು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು. ಇಂಗ್ಲಿಷ್ ಪುಸ್ತಕದಲ್ಲಿ ಒಂದು ಕಥೆಯೋ ಪದ್ಯವೋ ಬಂದಾಗ ಅದರ ಬಗ್ಗೆ ಪ್ರಬಂಧ ಬರೆಯುವುದು ಹೇಗೆ ಅಂತ ನಮ್ಮ ಮಕ್ಕಳಿಗೆ ಹೇಳಿಕೊಡಿ" ಎಂದರು. ಒಪ್ಪಿಕೊಂಡು ಬಂದಿದ್ದೇನೆ. ಮಾತು ಮಕ್ಕಳಿಗೆ. ಆದರೆ ಹಿರಿಯರೂ ಎದ್ದು ಹೋಗಬೇಡಿ; ಇದರಲ್ಲಿ ನಿಮ್ಮ ಪಾಲಿನ ಕೆಲಸವೂ ಇದೆ.

ಮೊದಲು, ಇದೇಕೆ ದೊಡ್ಡ ವಿಷಯ ಎಂದು ಹೇಳಿಬಿಡುತ್ತೇನೆ. ನಾನು ಪಾಠ ಮಾಡುತ್ತಿದ್ದ ಕಾಲೇಜಿಗೆ ಪ್ರತಿ ವರ್ಷ ಹಳ್ಳಿಗಳಿಂದ ಕನ್ನಡ ಮಾಧ್ಯಮದ ಮಕ್ಕಳು ಬರುತ್ತಿದ್ದರು. ಚುರುಕು ಮಕ್ಕಳು. ಅರಸೀಕೆರೆ ಮಾರುಕಟ್ಟೆಯಲ್ಲಿ ಅಪ್ಪನ ಪಕ್ಕ ನಿಂತು ಕೊಬ್ಬರಿಯ ತೂಕ, ದರ, ಕಮಿಷನ್ ಎಲ್ಲದರ ಲೆಕ್ಕ ಕೇಳಿ ಜಗಳವಾಡಬಲ್ಲ ಹುಡುಗರು. ಮನೆಯ ಯಾವ ಮಾತು ಸರಿ, ಯಾವುದು ತಪ್ಪು ಎಂದು ಅಜ್ಜಿಯ ಎದುರು ವಾದ ಮಾಡಬಲ್ಲ ಹುಡುಗಿಯರು. ಅಂಥವರ ಕೈಗೆ ನಾನು ಒಂದು ಚಿಕ್ಕ ಇಂಗ್ಲಿಷ್ ಕಥೆ ಕೊಟ್ಟು, "ಇದನ್ನು ಓದಿ ನಿಮಗೆ ಏನು ಕಂಡಿತು, ಒಂದು ಪುಟ ಬರೆಯಿರಿ" ಎಂದರೆ ತರಗತಿಗೆ ತರಗತಿಯೇ ಮೂಕವಾಗುತ್ತಿತ್ತು. ಕೊನೆಗೆ ಯಾರೋ ಒಬ್ಬರು ಕೇಳುತ್ತಿದ್ದರು: "ಸರ್, ಇದಕ್ಕೆ ನೋಟ್ಸ್ ಕೊಡ್ತೀರಾ?"

ಒಂದು ವರ್ಷ ಒಬ್ಬ ಹುಡುಗಿ ಮಾತ್ರ ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಸರ್, ಈ ಕಥೆಯಲ್ಲಿ ಅಪ್ಪ ಮಾಡಿದ್ದು ನನಗೆ ಸರಿ ಕಾಣಲಿಲ್ಲ. ಹಾಗೆ ಬರೆಯಬಹುದಾ?" ಮಕ್ಕಳೇ, ಆ ಪ್ರಶ್ನೆಯನ್ನು ಸ್ವಲ್ಪ ಯೋಚಿಸಿ. ಅವಳಿಗೆ ಕಂಡಿದೆ. ಅದು ಸರಿಯಾಗಿಯೇ ಕಂಡಿದೆ. ಆದರೆ ಕಂಡದ್ದನ್ನು ಹೇಳಲು ತನಗೆ ಅಪ್ಪಣೆ ಇದೆಯೋ ಇಲ್ಲವೋ ಗೊತ್ತಿಲ್ಲ. ಹತ್ತು ವರ್ಷ ಶಾಲೆಯಲ್ಲಿ ಓದಿದ ಮಗುವಿಗೆ ಈ ಅನುಮಾನ ಉಳಿದಿದ್ದರೆ ಅದು ಅಂಕದ ಪ್ರಶ್ನೆಯಲ್ಲ, ಬದುಕಿನ ಪ್ರಶ್ನೆ. ನಾಳೆ ಬ್ಯಾಂಕಿನ ಸಾಲದ ಪತ್ರವನ್ನೋ, ಆಸ್ತಿ ಪತ್ರವನ್ನೋ ಓದಿ "ಇಲ್ಲಿ ಹೀಗೆ ಬರೆದಿದೆ, ಇದು ನನಗೆ ಒಪ್ಪಿಗೆ ಇಲ್ಲ" ಎಂದು ಹೇಳಬೇಕಾದವಳೂ ಅವಳೇ. ಆದ್ದರಿಂದ ಇವತ್ತು ನಾನು ಹೇಳಲಿರುವುದು ಬರಿಯ ಪರೀಕ್ಷೆಯ ಉಪಾಯ ಎಂದು ತಿಳಿಯಬೇಡಿ.

ಪ್ರಬಂಧದಲ್ಲಿ ಏನು ಕೇಳುತ್ತಾರೆ ಎಂಬುದನ್ನು ಮೊದಲು ತಿಳಿಯೋಣ. ನೀವೆಲ್ಲ ಹಳೇಬೀಡಿಗೆ ಹೋಗಿದ್ದೀರಿ. ಜಾವಗಲ್ ದಾಟಿದರೆ ಬಂದೇಬಿಟ್ಟಿತು. ಹೊಯ್ಸಳೇಶ್ವರ ದೇವಾಲಯದ ಗೋಡೆಯ ಬುಡದಲ್ಲಿ ಸಾಲು ಸಾಲಾಗಿ ಕೆತ್ತನೆ ಇದೆ. ಪ್ರವಾಸದಿಂದ ಬಂದಮೇಲೆ ಒಬ್ಬ ಹುಡುಗ ಬರೆಯುತ್ತಾನೆ: "ಕೆಳಗೆ ಆನೆಗಳಿವೆ, ಅದರ ಮೇಲೆ ಸಿಂಹಗಳಿವೆ, ಬಳ್ಳಿಗಳಿವೆ, ಕುದುರೆ ಸವಾರರಿದ್ದಾರೆ, ಅದರ ಮೇಲೆ ರಾಮಾಯಣ ಮಹಾಭಾರತದ ಕಥೆಗಳಿವೆ." ಇದು ವರದಿ. ತಪ್ಪಿಲ್ಲ. ಇನ್ನೊಬ್ಬಳು ಬರೆಯುತ್ತಾಳೆ: "ಎಲ್ಲಕ್ಕಿಂತ ಕೆಳಗೆ ಆನೆಗಳನ್ನೇ ಇಟ್ಟಿದ್ದಾರೆ. ಇಡೀ ಗುಡಿಯ ಭಾರವನ್ನು ಅವು ಹೊತ್ತು ನಿಂತ ಹಾಗೆ ನಮಗೆ ಕಾಣುತ್ತದೆ. ಅಲ್ಲಿ ಹಂಸಗಳನ್ನು ಇಟ್ಟಿದ್ದರೆ ಹೀಗೆ ಅನ್ನಿಸುತ್ತಿರಲಿಲ್ಲ." ಇವಳು ನೋಡಿದ್ದೂ ಅದೇ ಗೋಡೆ. ಆದರೆ ಇವಳು "ಯಾಕೆ ಹೀಗಿದೆ, ಹೀಗಿರುವುದರಿಂದ ನಮಗೆ ಏನಾಗುತ್ತದೆ" ಎಂದು ಕೇಳಿಕೊಂಡಳು. ಸಾಹಿತ್ಯದ ಪ್ರಬಂಧ ಎಂದರೆ ಎರಡನೆಯದು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಬರೆಯುವುದು ಮೊದಲನೆಯದು. ಕಥೆಯನ್ನೇ ಮತ್ತೊಮ್ಮೆ ಚಿಕ್ಕದಾಗಿ ಹೇಳಿ, ಕೊನೆಗೆ "ಇದು ಒಂದು ಉತ್ತಮ ನೀತಿಯುಳ್ಳ ಕಥೆ" ಎಂದು ಮುಗಿಸುತ್ತಾರೆ. ಕಥೆ ಓದಿದ ಮೇಷ್ಟ್ರಿಗೆ ಕಥೆ ಗೊತ್ತು. ಅವರಿಗೆ ಬೇಕಾದದ್ದು ನಿಮ್ಮ ಕಣ್ಣಿಗೆ ಬಿದ್ದದ್ದು.

ಇದು ಇಂಗ್ಲಿಷಿನಿಂದ ಬಂದ ಹೊಸ ವಿದ್ಯೆ, ನಮಗೆ ಬಾರದು ಎಂದು ಹೆದರಬೇಡಿ. ನಿಮ್ಮ ಕನ್ನಡ ಪ್ರಶ್ನೆಪತ್ರಿಕೆಯಲ್ಲೇ ಇದು ಇದೆ. ಒಂದು ವಾಕ್ಯ ಕೊಟ್ಟು ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ ಎನ್ನುತ್ತಾರಲ್ಲ, ನೀವು ಏನು ಮಾಡುತ್ತೀರಿ? ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ಭಾಗ ಮಾಡುತ್ತೀರಿ. ಯಾವ ಪಾಠದ್ದು ಎಂಬುದು ಆಯ್ಕೆ. ಯಾರು, ಯಾವಾಗ, ಯಾಕೆ ಹೇಳಿದರು ಎಂಬುದು ಸಂದರ್ಭ. ಆ ಮಾತಿನಲ್ಲಿ ಏನು ವಿಶೇಷವಿದೆ ಎಂಬುದು ಸ್ವಾರಸ್ಯ. ಇಂಗ್ಲಿಷ್ ಮೇಷ್ಟ್ರು ಅನಾಲಿಸಿಸ್ ಎಂದು ಕರೆಯುವುದು ಈ ಸ್ವಾರಸ್ಯವನ್ನೇ. ಮೊದಲ ಎರಡು ಭಾಗ ಎಲ್ಲರೂ ಬರೆಯುತ್ತಾರೆ. ಮೂರನೆಯದಕ್ಕೆ ಬಂದಾಗ ಪೆನ್ನು ನಿಲ್ಲುತ್ತದೆ, ಗೈಡು ನೆನಪಾಗುತ್ತದೆ.

ಆದರೆ ಸ್ವಾರಸ್ಯ ಹೇಳುವುದರಲ್ಲಿ ನಮ್ಮ ಸೀಮೆ ಹಿಂದೆ ಬಿದ್ದದ್ದೇ ಅಲ್ಲ. ಜೈಮಿನಿ ಭಾರತ ಬರೆದ ಲಕ್ಷ್ಮೀಶ ಕವಿಯ ದೇವನೂರು ಇಲ್ಲೇ ಪಕ್ಕದ ಕಡೂರು ತಾಲ್ಲೂಕಿನಲ್ಲಿದೆ. ಒಂದು ಕಾಲಕ್ಕೆ ಗುಡಿಯ ಪಡಸಾಲೆಯಲ್ಲಿ, ಊರ ಜಗಲಿಯ ಮೇಲೆ ಜೈಮಿನಿಯನ್ನೂ ಕುಮಾರವ್ಯಾಸನನ್ನೂ ಗಮಕ ಮಾಡಿ ಓದುತ್ತಿದ್ದರು. ಒಬ್ಬರು ಪದ್ಯವನ್ನು ರಾಗವಾಗಿ ವಾಚನ ಮಾಡುವುದು, ಇನ್ನೊಬ್ಬರು ವ್ಯಾಖ್ಯಾನ ಮಾಡುವುದು. ವ್ಯಾಖ್ಯಾನಕಾರರು ಪದ ಬಿಡಿಸುತ್ತಿದ್ದರು, ಅರ್ಥ ಹೇಳುತ್ತಿದ್ದರು, ಆಮೇಲೆ "ಕವಿ ಬೇರೆ ಮಾತು ಹಾಕಬಹುದಿತ್ತು, ಇದನ್ನೇ ಯಾಕೆ ಹಾಕಿದ, ನೋಡಿ" ಎಂದು ಕೇಳುತ್ತಿದ್ದರು. ಕೂತು ಕೇಳುತ್ತಿದ್ದವರಲ್ಲಿ ಎಷ್ಟೋ ಜನಕ್ಕೆ ಸಹಿ ಮಾಡಲು ಬರುತ್ತಿರಲಿಲ್ಲ. ಆದರೂ ಸ್ವಾರಸ್ಯ ತಪ್ಪುತ್ತಿರಲಿಲ್ಲ.

ಜೈಮಿನಿಯ ಚಂದ್ರಹಾಸನ ಕಥೆ ಹಿರಿಯರಿಗೆಲ್ಲ ಗೊತ್ತು. ಮಕ್ಕಳಿಗಾಗಿ ಹೇಳುತ್ತೇನೆ. ಮಂತ್ರಿ ದುಷ್ಟಬುದ್ಧಿ ತನ್ನ ಮಗ ಮದನನಿಗೆ ಒಂದು ಪತ್ರ ಬರೆದು, ಅದನ್ನು ಚಂದ್ರಹಾಸನ ಕೈಯಲ್ಲೇ ಕಳಿಸುತ್ತಾನೆ. ಪತ್ರ ತಂದವನಿಗೆ ವಿಷ ಕೊಡು ಎಂಬುದು ಅದರ ತಾತ್ಪರ್ಯ. ದಾರಿಯಲ್ಲಿ ತೋಟದಲ್ಲಿ ಮಲಗಿದ್ದ ಚಂದ್ರಹಾಸನನ್ನು ಮಂತ್ರಿಯ ಮಗಳು ವಿಷಯೆ ನೋಡುತ್ತಾಳೆ, ಪತ್ರ ಓದುತ್ತಾಳೆ. ಅಪ್ಪ ಬರೆಯುವಾಗ ಒಂದಕ್ಷರ ತಪ್ಪಿರಬೇಕು ಎಂದುಕೊಂಡು ತಿದ್ದುತ್ತಾಳೆ. ವಿಷ ಹೋಗಿ ವಿಷಯೆ ಆಗುತ್ತದೆ. ಸಾಯಬೇಕಿದ್ದವನು ಮದುವೆಯಾಗುತ್ತಾನೆ. ಒಂದೇ ಒಂದು ಅಕ್ಷರ! ಸಾಹಿತ್ಯವನ್ನು ಅಕ್ಷರ ಅಕ್ಷರವಾಗಿ ಓದಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಯಾವ ದೇಶದ ಪುಸ್ತಕದಲ್ಲಿ ಸಿಕ್ಕೀತು? ನಿಮ್ಮ ಇಂಗ್ಲಿಷ್ ಪಾಠವನ್ನೂ ಹೀಗೆಯೇ ಓದಿ. ಲೇಖಕ ಯಾವ ಪದ ಹಾಕಿದ್ದಾನೆ, ಯಾವುದನ್ನು ಮೊದಲು ಹೇಳಿದ್ದಾನೆ, ಯಾವುದನ್ನು ಕೊನೆಗೆ ಇಟ್ಟಿದ್ದಾನೆ, ಪೆನ್ಸಿಲ್ ಹಿಡಿದು ಗುರುತು ಮಾಡುತ್ತ ಓದಿ.

ಈಗ ಕಟ್ಟುವ ಕೆಲಸಕ್ಕೆ ಬರೋಣ. ಪ್ರಬಂಧಕ್ಕೆ ಮೊದಲು ಬೇಕಾದದ್ದು ಒಂದು ವಾಕ್ಯ. ಇಡೀ ಪ್ರಬಂಧದಲ್ಲಿ ನಾನು ಸಾಧಿಸಬೇಕೆಂದಿರುವುದು ಇದು ಎನ್ನುವ ಒಂದೇ ವಾಕ್ಯ. ಇಂಗ್ಲಿಷಿನಲ್ಲಿ ಅದಕ್ಕೆ ಥೀಸಿಸ್ ಎನ್ನುತ್ತಾರೆ. ನಾವು ಮೂಲಮಾತು ಎನ್ನೋಣ. ಅದು ಒಳ್ಳೆಯ ಮೂಲಮಾತೋ ಅಲ್ಲವೋ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಅದನ್ನು ಪಕ್ಕದವನಿಗೆ ಹೇಳಿ. ಅವನು "ಇಲ್ಲ ಕಣೋ, ಹಾಗಲ್ಲ" ಎಂದು ವಾದಕ್ಕೆ ಬರುವಂತಿದ್ದರೆ ಮೂಲಮಾತು ಸರಿಯಾಗಿದೆ. "ಹೂಂ, ಅದಕ್ಕೇನಂತೆ" ಎಂದರೆ ಬೇರೆಯದು ಹುಡುಕಿ.

ನಮ್ಮ ಪುಣ್ಯಕೋಟಿಯ ಹಾಡನ್ನೇ ತೆಗೆದುಕೊಳ್ಳಿ. "ಗೋವಿನ ಹಾಡು ಸತ್ಯದ ಮಹಿಮೆಯನ್ನು ಸಾರುತ್ತದೆ" ಎಂದರೆ ಯಾರೂ ಎದುರು ಮಾತಾಡುವುದಿಲ್ಲ. ವಾದವೇ ಇಲ್ಲದ ಮೇಲೆ ಮೂರು ಪುಟ ಏನೆಂದು ಬರೆಯುತ್ತೀರಿ? ಈಗ ಇನ್ನೊಂದು ಮಾತು ಹೇಳುತ್ತೇನೆ: "ಗೋವಿನ ಹಾಡಿನಲ್ಲಿ ನಿಜವಾಗಿ ಬದಲಾಗುವುದು ಹುಲಿ." ಈಗ ನೋಡಿ, ಹಿಂದಿನ ಸಾಲಿನಲ್ಲಿ ಆಗಲೇ ತಲೆ ಆಡಿಸುತ್ತಿದ್ದಾರೆ! ಸರಿ, ಇದನ್ನು ಸಾಧಿಸಬೇಕು. ಹಸು ಮೊದಲು ಹೇಗಿತ್ತೋ ಕೊನೆಗೂ ಹಾಗೇ ಇದೆ. ಮಾತು ಕೊಟ್ಟಿತು, ಮಾತಿಗೆ ತಕ್ಕಂತೆ ಬಂದಿತು. ಹುಲಿ ಮೊದಲು ಹಸಿದು ಹೊಂಚು ಹಾಕಿತ್ತು. ಕೊನೆಗೆ ತಾನೇ ಹಾರಿ ಪ್ರಾಣ ಬಿಟ್ಟಿತು. ಹಸು ಪ್ರಾಣ ಕೊಡಲು ಸಿದ್ಧವಾಯಿತು, ಕೊಟ್ಟದ್ದು ಹುಲಿ. ಹಾಗಾದರೆ ಸತ್ಯದ ಮಹಿಮೆ ಎಲ್ಲಿ ಕಾಣುತ್ತದೆ? ಸತ್ಯ ಹೇಳಿದವರಲ್ಲಿ ಮಾತ್ರವಲ್ಲ, ಅದನ್ನು ಕಣ್ಣಾರೆ ನೋಡಿದವರಲ್ಲಿ. ನೋಡಿ ಮಕ್ಕಳೇ, ಒಂದನೇ ತರಗತಿಯಿಂದ ಹಾಡಿದ ಹಾಡಿನಲ್ಲಿ ಎಲ್ಲರಿಗೂ ಗೊತ್ತಿದ್ದ ನೀತಿಗೇ ಮತ್ತೆ ಬಂದೆವು. ಆದರೆ ನಮ್ಮದೇ ದಾರಿಯಲ್ಲಿ ನಡೆದು ಬಂದೆವು. ಪ್ರಬಂಧ ಎಂದರೆ ಇಷ್ಟೇ.

ಇದೇ ಕ್ರಮವನ್ನು ಇಂಗ್ಲಿಷ್ ಪಾಠಕ್ಕೆ ಹಾಕೋಣ. ನಮ್ಮ ರಾಜ್ಯದ ಹತ್ತನೇ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿ ಆರ್.ಕೆ. ನಾರಾಯಣ್ ಅವರ 'ಎ ಹೀರೋ' ಎಂಬ ಕಥೆ ಬಂದಿದೆ. ಮೈಸೂರಿನಲ್ಲಿ ಬಹುಕಾಲ ಬಾಳಿದ ಲೇಖಕರು. 1935ರಲ್ಲಿ ಬಂದ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯ ಹುಡುಗ ಸ್ವಾಮಿಯೇ ಇಲ್ಲೂ ಇದ್ದಾನೆ. ಶಂಕರ್‌ನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ ಮಾಲ್ಗುಡಿ ಡೇಸ್ ಧಾರಾವಾಹಿಯಲ್ಲಿ ಹಿರಿಯರೆಲ್ಲ ಅವನನ್ನು ನೋಡಿದ್ದೀರಿ.

ಕಥೆ ಹೀಗಿದೆ. ಕಾಡುದಾರಿಯಲ್ಲಿ ಹುಲಿಯನ್ನು ಎದುರಿಸಿದ ಹಳ್ಳಿಯ ಹುಡುಗನ ಸುದ್ದಿಯನ್ನು ಸ್ವಾಮಿಯ ಅಪ್ಪ ಪತ್ರಿಕೆಯಲ್ಲಿ ಓದುತ್ತಾರೆ. ಧೈರ್ಯವೊಂದಿದ್ದರೆ ಸಾಕು, ವಯಸ್ಸು ಶಕ್ತಿ ಯಾವುದೂ ಬೇಡ ಎನ್ನುತ್ತಾರೆ. ಸ್ವಾಮಿ ಒಪ್ಪುವುದಿಲ್ಲ, ಅವನು ಹುಡುಗನಾಗಿರಲಿಕ್ಕಿಲ್ಲ, ಬಲಶಾಲಿಯಾದ ದೊಡ್ಡವನೇ ಇರಬೇಕು ಎನ್ನುತ್ತಾನೆ. ಹಾಗಾದರೆ ನಿನ್ನ ಧೈರ್ಯ ತೋರಿಸು, ಈ ರಾತ್ರಿ ನನ್ನ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು ಎಂದು ಅಪ್ಪ ಸವಾಲು ಹಾಕುತ್ತಾರೆ. ಅಜ್ಜಿಯ ಪಕ್ಕ ಮಲಗುವ ಹುಡುಗ ಹೆದರಿ ಬೆಂಚಿನ ಕೆಳಗೆ ಮುದುರಿಕೊಳ್ಳುತ್ತಾನೆ. ನಡುರಾತ್ರಿ ಏನೋ ಚಲಿಸಿದ್ದು ಕಾಣುತ್ತದೆ. ದೆವ್ವವೇ ಬಂತು, ತನ್ನ ಕಥೆ ಮುಗಿಯಿತು ಎಂದುಕೊಂಡು ಅದರ ಕಾಲನ್ನು ತಬ್ಬಿ ಕಚ್ಚಿಬಿಡುತ್ತಾನೆ. ಅದು ಕನ್ನ ಹಾಕಲು ಬಂದ ಕಳ್ಳನ ಕಾಲು. ಕಳ್ಳ ಸಿಕ್ಕಿಬೀಳುತ್ತಾನೆ, ಸ್ವಾಮಿ ಊರಿಗೇ ಹೀರೋ ಆಗುತ್ತಾನೆ.

"ಸ್ವಾಮಿ ನಿಜಕ್ಕೂ ಹೀರೋ ಹೌದೇ?" ಎಂದು ಪ್ರಶ್ನೆ ಬಂದಿದೆ ಎನ್ನೋಣ. ನನ್ನ ಮೂಲಮಾತು ಇದು: "ಸ್ವಾಮಿಯ ಕೈಯಲ್ಲಿ ಕಳ್ಳನನ್ನು ಹಿಡಿಸಿದ್ದು ಭಯ, ಅದಕ್ಕೆ ಧೈರ್ಯ ಎಂದು ಹೆಸರಿಟ್ಟವರು ದೊಡ್ಡವರು." ಇದಕ್ಕೆ ಮೂರು ಸಾಕ್ಷಿ ಹುಡುಕಬೇಕು. ಒಂದು, ಧೈರ್ಯ ಎಂಬ ಮಾತು ಮೊದಲು ಬಂದದ್ದು ಪತ್ರಿಕೆ ಹಿಡಿದ ಅಪ್ಪನ ಬಾಯಿಂದ, ಸ್ವಾಮಿಯಿಂದಲ್ಲ. ಎರಡು, ಕಚ್ಚುವ ಹೊತ್ತಿನಲ್ಲಿ ಅದು ಕಳ್ಳ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಮೂರು, ಇಷ್ಟೆಲ್ಲ ಹೊಗಳಿಕೆ ಆದಮೇಲೂ ರಾತ್ರಿ ಅವನು ಮತ್ತೆ ಅಜ್ಜಿಯ ಪಕ್ಕದಲ್ಲೇ ನಿದ್ದೆ ಹೋಗಿದ್ದಾನೆ.

ಈ ಮೂರು ಸಾಕ್ಷಿಗೆ ಮೂರು ಪ್ಯಾರಾ. ಒಂದೊಂದು ಪ್ಯಾರಾದ ಒಳಗೂ ಮೂರು ಕೆಲಸ ಆಗಬೇಕು. ಅದಕ್ಕೆ ನಮ್ಮ ಊರಿನ ನ್ಯಾಯವನ್ನೇ ನೆನಪು ಮಾಡಿಕೊಳ್ಳಿ. ಒಬ್ಬ ಬಂದು ಪಂಚಾಯ್ತಿಯಲ್ಲಿ ಹೇಳುತ್ತಾನೆ: "ಅವರ ಎತ್ತು ನನ್ನ ರಾಗಿ ಮೇಯ್ದಿದೆ." ಇದು ಮಾತು. "ಹೊಲದಲ್ಲಿ ಗೊರಸಿನ ಗುರುತು ಇದೆ, ಬನ್ನಿ ತೋರಿಸ್ತೀನಿ." ಇದು ಸಾಕ್ಷಿ. ಹಿರಿಯರು ಅಷ್ಟಕ್ಕೇ ಬಿಡುತ್ತಾರೆಯೇ? "ಗೊರಸು ಇದ್ದರೆ ಅವರ ಎತ್ತಿನದೇ ಅಂತ ಹೇಗೆ ಹೇಳ್ತೀಯಪ್ಪಾ?" ಎಂದು ಕೇಳುತ್ತಾರೆ. "ಹೆಜ್ಜೆ ಅವರ ಬೇಲಿಯ ಸಂದಿಯಿಂದ ಬಂದು ಅಲ್ಲಿಗೇ ಹೋಗಿದೆ, ಆ ಕಡೆ ಎತ್ತು ಕಟ್ಟೋರು ಅವರೊಬ್ಬರೇ" ಎಂದು ಅವನು ಬಿಡಿಸಿ ಹೇಳಬೇಕು. ಮಾತು, ಸಾಕ್ಷಿ, ಬಿಡಿಸಿ ಹೇಳುವುದು. ಪ್ಯಾರಾ ಎಂದರೆ ಈ ಮೂರು. ನಮ್ಮ ಮಕ್ಕಳು ಮಾತು ಹೇಳುತ್ತಾರೆ, ಸಾಕ್ಷಿಯನ್ನೂ ತರುತ್ತಾರೆ, ಮೂರನೆಯದನ್ನು ಬಿಟ್ಟುಬಿಡುತ್ತಾರೆ. ಓದುವವರಿಗೆ ತಾನಾಗಿಯೇ ತಿಳಿಯುತ್ತದೆ ಎಂದುಕೊಳ್ಳುತ್ತಾರೆ. ತಿಳಿಯುವುದಿಲ್ಲ. ಅಂಕ ಇರುವುದೂ ಅಲ್ಲೇ, ಬುದ್ಧಿ ಬೆಳೆಯುವುದೂ ಅಲ್ಲೇ.

ಎರಡನೆಯ ಪ್ಯಾರಾವನ್ನು ಬಾಯಲ್ಲೇ ಬರೆದು ತೋರಿಸುತ್ತೇನೆ. "ಸ್ವಾಮಿ ಕಳ್ಳನನ್ನು ಕಚ್ಚಿದ್ದು ಭಯದಿಂದ." ಇದು ಮಾತು. "ಅವನು ಬೆಂಚಿನ ಕೆಳಗೆ ಅಡಗಿದ್ದ, ಬಂದದ್ದನ್ನು ದೆವ್ವ ಎಂದು ತಿಳಿದ." ಇದು ಸಾಕ್ಷಿ, ಪುಸ್ತಕದ ನಾಲ್ಕೈದು ಪದಗಳನ್ನು ಇಲ್ಲಿ ಉದ್ಧರಣ ಚಿಹ್ನೆಯೊಳಗೆ ಇಡಿ, ಇಡೀ ಪ್ಯಾರಾ ಇಳಿಸಬೇಡಿ. "ಕಳ್ಳನೆಂದು ಗೊತ್ತಿದ್ದು ಎದುರಿಸಿದ್ದರೆ ಅದು ಧೈರ್ಯ. ಇವನಿಗೆ ಗೊತ್ತೇ ಇರಲಿಲ್ಲ. ಮೂಲೆಗೆ ಸಿಕ್ಕಿದ ಬೆಕ್ಕು ಪರಚುವ ಹಾಗೆ ಕಚ್ಚಿದ." ಇದು ಬಿಡಿಸಿ ಹೇಳಿದ್ದು. ಆರೇಳು ವಾಕ್ಯದಲ್ಲಿ ಒಂದು ಪ್ಯಾರಾ ಮುಗಿಯಿತು.

ಮೂರನೆಯ ಪ್ಯಾರಾದಲ್ಲಿ ಇನ್ನೊಂದು ಚಿಕ್ಕ ವಿಷಯವನ್ನು ಗಮನಿಸಿ. ಪೊಲೀಸಿಗೆ ಸೇರಿಬಿಡು ಎಂದು ಸ್ವಾಮಿಗೆ ಹೇಳುತ್ತಾರೆ. ಅವನು ಮರ್ಯಾದೆಗೆ ಹೂಂ ಅನ್ನುತ್ತಾನೆ. ಮನಸ್ಸಿನಲ್ಲಿ ಮಾತ್ರ ಇಂಜಿನ್ ಡ್ರೈವರೋ ರೈಲ್ವೆ ಗಾರ್ಡೋ ಬಸ್ ಕಂಡಕ್ಟರೋ ಆಗಬೇಕೆಂದು ಆಗಲೇ ತೀರ್ಮಾನಿಸಿದ್ದಾನೆ. ನಮ್ಮ ಬಾಣಾವರ ಸ್ಟೇಷನ್ನಿನಲ್ಲಿ ರೈಲು ನೋಡುತ್ತ ನಿಂತ ಯಾವ ಹುಡುಗನಿಗೂ ಈ ಆಸೆ ಹೊಸದಲ್ಲ. ಲೇಖಕರು ಈ ಮಾತನ್ನು ಸುಮ್ಮನೆ ಹಾಕಿದ್ದಾರೆಯೇ? ದೊಡ್ಡವರು ಏನೇ ಬಿರುದು ಕೊಟ್ಟರೂ ಹುಡುಗ ಹುಡುಗನಾಗಿಯೇ ಉಳಿದಿದ್ದಾನೆ ಎಂದು ಅದು ತೋರಿಸುತ್ತದೆ. ಅವಸರದಲ್ಲಿ ಓದಿದವರಿಗೆ ಇಂಥದ್ದು ಸಿಗುವುದಿಲ್ಲ. ಗೈಡಿನಲ್ಲಿ ಸಿಕ್ಕರೂ ಅದು ನಿಮ್ಮದಾಗುವುದಿಲ್ಲ.

ಆಮೇಲೆ ನಾಲ್ಕನೆಯ ಪ್ಯಾರಾ. ಇದನ್ನು ಬಹಳ ಜನ ಬರೆಯುವುದೇ ಇಲ್ಲ. ನಿಮ್ಮ ಮೂಲಮಾತಿಗೆ ವಿರುದ್ಧವಾದ ಸಾಕ್ಷಿ ಕಥೆಯಲ್ಲಿ ಏನಿದೆ, ಅದನ್ನು ನೀವೇ ಎತ್ತಿ ಹೇಳಿ. "ಹೆದರಿದ ಎಲ್ಲರೂ ಕಚ್ಚುವುದಿಲ್ಲ. ಕೂಗಿಕೊಂಡು ಕೂರಬಹುದಿತ್ತು. ಸ್ವಾಮಿ ಏನೋ ಒಂದು ಮಾಡಿದ. ಆದ್ದರಿಂದ ಅದರಲ್ಲಿ ಧೈರ್ಯವೂ ಇದೆ ಎನ್ನಬಹುದು." ಹೀಗೆ ಹೇಳಿ, ಅದಕ್ಕೆ ನಿಮ್ಮ ಉತ್ತರ ಕೊಡಿ. ಉತ್ತರ ಪೂರ್ತಿ ಸಿಗದಿದ್ದರೆ "ಇಷ್ಟರ ಮಟ್ಟಿಗೆ ಅದು ನಿಜ" ಎಂದು ಒಪ್ಪಿಕೊಂಡು ನಿಮ್ಮ ಮೂಲಮಾತನ್ನು ಸ್ವಲ್ಪ ತಿದ್ದಿಕೊಳ್ಳಿ. ಎದುರಾಳಿಯ ಮಾತನ್ನೂ ನ್ಯಾಯವಾಗಿ ಹೇಳುವವನನ್ನು ಪಂಚಾಯ್ತಿ ನಂಬುತ್ತದೆ. ಪತ್ರಿಕೆ ತಿದ್ದುವವರೂ ನಂಬುತ್ತಾರೆ.

ಪೀಠಿಕೆ ಮತ್ತು ಮುಕ್ತಾಯವನ್ನು ಕೊನೆಯಲ್ಲಿ ಯೋಚಿಸಿ. ಪೀಠಿಕೆಯಲ್ಲಿ ಲೇಖಕರು ಎಲ್ಲಿ ಹುಟ್ಟಿದರು, ಎಷ್ಟು ಪ್ರಶಸ್ತಿ ಬಂತು ಎಂದು ಅರ್ಧ ಪುಟ ತುಂಬಿಸಬೇಡಿ. ಕಥೆಯ ಹೆಸರು, ಲೇಖಕರ ಹೆಸರು, ಕಥೆಯ ಸಾರ ಒಂದೆರಡು ವಾಕ್ಯ, ಆಮೇಲೆ ಮೂಲಮಾತು. ನಾಲ್ಕು ವಾಕ್ಯದಲ್ಲಿ ಮುಗಿಯಲಿ. ಮುಕ್ತಾಯದಲ್ಲಿ ಹೇಳಿದ್ದನ್ನೇ ಮತ್ತೆ ಹೇಳಬೇಡಿ. "ಇದರಿಂದ ಏನಾಯಿತು?" ಎಂಬ ಪ್ರಶ್ನೆಗೆ ಉತ್ತರ ಕೊಡಿ. ನಮ್ಮ ಉದಾಹರಣೆಯಲ್ಲಿ ಹೀಗೆ ಮುಗಿಸಬಹುದು: ಮಕ್ಕಳ ಧೈರ್ಯವನ್ನು ಸವಾಲು ಹಾಕಿ ಅಳೆಯುವ ದೊಡ್ಡವರನ್ನು ಈ ಕಥೆ ನಗುತ್ತಲೇ ಪ್ರಶ್ನಿಸುತ್ತದೆ. ಆಗ ಶೀರ್ಷಿಕೆಯ ಹೀರೋ ಎಂಬ ಪದಕ್ಕೂ ಹೊಸ ಅರ್ಥ ಬರುತ್ತದೆ.

ಇದು ಐದು ಪ್ಯಾರಾದ, ಬೇಕಾದರೆ ಆರು ಪ್ಯಾರಾದ ಪ್ರಬಂಧ. ಪರೀಕ್ಷೆಯ ನಾಲ್ಕು ಅಂಕದ ಉತ್ತರಕ್ಕೆ ಇಷ್ಟು ಜಾಗವಿಲ್ಲ ಎನ್ನುತ್ತೀರಿ. ನಿಜ. ಅಲ್ಲಿ ಒಂದು ಮೂಲಮಾತು, ಎರಡು ಸಾಕ್ಷಿ, ಒಂದು ಸ್ವಾರಸ್ಯ ಸಾಕು. ಕ್ರಮ ಅದೇ.

ಇನ್ನು ಭಾಷೆ. "ನನಗೆ ಕಂಡಿದೆ ಸರ್, ಇಂಗ್ಲಿಷ್ ಬರೋದಿಲ್ಲ" ಎನ್ನುವವರಿಗೆ ನನ್ನ ಸಲಹೆ: ಮೊದಲು ಕನ್ನಡದಲ್ಲಿ ಯೋಚಿಸಿ, ಮೂಲಮಾತನ್ನೂ ಸಾಕ್ಷಿಗಳನ್ನೂ ಕನ್ನಡದಲ್ಲೇ ಗುರುತು ಹಾಕಿಕೊಳ್ಳಿ. ಇದರಲ್ಲಿ ನಾಚಿಕೆ ಏನೂ ಇಲ್ಲ. ಬರೆಯುವಾಗ ಮಾತ್ರ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ. "ಸ್ವಾಮಿ ಈಸ್ ಅಫ್ರೇಡ್. ಹಿ ಹೈಡ್ಸ್ ಅಂಡರ್ ದ ಬೆಂಚ್. ದಿಸ್ ಶೋಸ್ ದಟ್ ಹಿ ಈಸ್ ನಾಟ್ ರೆಡಿ ಟು ಫೈಟ್." ಮೂರು ವಾಕ್ಯ, ಮಾತು ಸಾಕ್ಷಿ ಸ್ವಾರಸ್ಯ ಮೂರೂ ಬಂದವು. ಕಥೆಯ ಬಗ್ಗೆ ಬರೆಯುವಾಗ ಇಂಗ್ಲಿಷಿನಲ್ಲಿ ವರ್ತಮಾನ ಕಾಲ ಬಳಸುವುದು ರೂಢಿ. ಅದನ್ನು ಪಾಲಿಸಿದರೆ ಕಾಲದ ಗೊಂದಲವೂ ಕಡಿಮೆ. "ಫಾರ್ ಎಗ್ಸಾಂಪಲ್", "ದಿಸ್ ಶೋಸ್ ದಟ್", "ಹೌಎವರ್", "ದೇರ್‌ಫೋರ್" ಈ ನಾಲ್ಕು ಕೀಲಿಗಳನ್ನು ಜೇಬಿನಲ್ಲಿಟ್ಟುಕೊಳ್ಳಿ. ಮೊದಲನೆಯದು ಸಾಕ್ಷಿಗೆ, ಎರಡನೆಯದು ಸ್ವಾರಸ್ಯಕ್ಕೆ, ಮೂರನೆಯದು ಎದುರು ಮಾತಿಗೆ, ನಾಲ್ಕನೆಯದು ಮುಕ್ತಾಯಕ್ಕೆ.

ಒಂದು ವ್ಯತ್ಯಾಸ ಮಾತ್ರ ನೆನಪಿಡಿ. ನಾವು ಕನ್ನಡದಲ್ಲಿ ಮಾತಾಡುವಾಗ ಕಾರಣಗಳನ್ನೆಲ್ಲ ಮೊದಲು ಹೇಳಿ, "ಅದಕ್ಕೇ ನಾನು ಬರಲಿಲ್ಲ" ಎಂದು ಕೊನೆಗೆ ಮುಖ್ಯ ಮಾತಿಗೆ ಬರುತ್ತೇವೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದವೂ ಕೊನೆಗೇ ಬರುತ್ತದೆ. ಇಂಗ್ಲಿಷ್ ಪ್ರಬಂಧದಲ್ಲಿ ಮುಖ್ಯ ಮಾತು ಪ್ಯಾರಾದ ಮೊದಲ ವಾಕ್ಯದಲ್ಲೇ ಬರಲಿ ಎಂದು ಓದುವವರು ಕಾಯುತ್ತಾರೆ. ಆದ್ದರಿಂದ ಕನ್ನಡದಲ್ಲಿ ನಿಮಗೆ ಕೊನೆಗೆ ಹೊಳೆದ ವಾಕ್ಯವನ್ನು ಎತ್ತಿ ತಲೆಯ ಮೇಲೆ ಕೂರಿಸಿ. ಅರ್ಧ ಕೆಲಸ ಆದ ಹಾಗೆ.

ಕನ್ನಡ ಮತ್ತು ಇಂಗ್ಲಿಷ್ ಒಂದಕ್ಕೊಂದು ವೈರಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕನ್ನಡಕ್ಕೆ 'ಇಂಗ್ಲಿಷ್ ಗೀತಗಳು' ಕೊಟ್ಟ ಬಿ.ಎಂ. ಶ್ರೀಕಂಠಯ್ಯನವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದವರು. 'ಭಾರತೀಯ ಕಾವ್ಯಮೀಮಾಂಸೆ' ಬರೆದ ತೀ.ನಂ. ಶ್ರೀಕಂಠಯ್ಯನವರು 1906ರಲ್ಲಿ ಹುಟ್ಟಿದ್ದು ಇಲ್ಲೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಅವರು ಇಂಗ್ಲಿಷ್, ಕನ್ನಡ ಎರಡನ್ನೂ ಆಳವಾಗಿ ಓದಿದವರು. ಇಬ್ಬರೂ ನಮ್ಮ ಹಾಗೆ ತೆಂಗು, ರಾಗಿ ಬೆಳೆಯುವ ಬಯಲುಸೀಮೆಯವರು. ಒಂದು ಭಾಷೆಯಲ್ಲಿ ಸ್ವಾರಸ್ಯ ಕಂಡ ಕಣ್ಣು ಇನ್ನೊಂದರಲ್ಲೂ ಕಾಣುತ್ತದೆ ಎಂಬುದಕ್ಕೆ ಅವರೇ ಸಾಕ್ಷಿ.

ಗುರುಗಳಲ್ಲಿ ಒಂದು ಅರಿಕೆ. ಫಲಿತಾಂಶದ ಒತ್ತಡ ನಿಮ್ಮ ಮೇಲೆ ಎಷ್ಟಿದೆ ಎಂದು ನನಗೆ ಗೊತ್ತು. ಆದರೂ ಪ್ರತಿ ಪಾಠಕ್ಕೆ ಒಂದು ಪ್ರಶ್ನೆಯನ್ನು ಉತ್ತರ ಬರೆಸದೆ ಬಿಡಿ. ಮಗು ಒಂದೇ ವಾಕ್ಯ ಬರೆಯಲಿ, ತಪ್ಪು ಇಂಗ್ಲಿಷಿನಲ್ಲೇ ಬರೆಯಲಿ. ವ್ಯಾಕರಣ ತಿದ್ದುವ ಮೊದಲು "ಹೀಗೆ ಯಾಕೆ ಅನ್ನಿಸಿತು, ಪುಸ್ತಕದಲ್ಲಿ ಎಲ್ಲಿದೆ ತೋರಿಸು" ಎಂದು ಕೇಳಿ. ಮಗುವಿಗೆ ತನ್ನ ಮಾತನ್ನು ಯಾರೋ ಗಣನೆಗೆ ತೆಗೆದುಕೊಂಡರು ಎಂದು ತಿಳಿಯುತ್ತದೆ.

ತಂದೆ ತಾಯಂದಿರಲ್ಲೂ ಒಂದು ಮಾತು. ನಮಗೆ ಇಂಗ್ಲಿಷ್ ಬರುವುದಿಲ್ಲ, ನಾವೇನು ಹೇಳಿಕೊಡೋಣ ಎನ್ನಬೇಡಿ. ಸಂಜೆ ಮಗುವನ್ನು ಕೂರಿಸಿಕೊಂಡು "ಇವತ್ತಿನ ಪಾಠದ ಕಥೆ ಹೇಳು" ಎನ್ನಿ. ಹೇಳಿದಮೇಲೆ "ಅವನು ಹಾಗೆ ಯಾಕೆ ಮಾಡಿದ? ನಿನಗೆ ಸರಿ ಅನ್ನಿಸ್ತಾ?" ಎಂದು ಕೇಳಿ. ಮಗು ನಿಮ್ಮ ಅಭಿಪ್ರಾಯಕ್ಕೆ ವಿರುದ್ಧ ಹೇಳಿದರೆ ಎದುರು ಮಾತಾಡುತ್ತದೆ ಎಂದು ಗದರಬೇಡಿ, ಕಾರಣ ಕೇಳಿ. ಜಗಲಿಯ ಮೇಲಿನ ವ್ಯಾಖ್ಯಾನ ನಿಂತ ಊರುಗಳಲ್ಲಿ ಮನೆಯ ಪಡಸಾಲೆಯಲ್ಲಾದರೂ ಅದು ನಡೆಯಲಿ.

ಹಳೆಯ ವಿದ್ಯಾರ್ಥಿಗಳಾದ ನಾವು ಶಾಲೆಗೆ ಬಣ್ಣ, ಬೆಂಚು, ಗಡಿಯಾರ ಎಲ್ಲ ಕೊಡುತ್ತೇವೆ, ಒಳ್ಳೆಯದು. ಜೊತೆಗೆ ಒಂದೇ ಕಥೆಪುಸ್ತಕದ ಹತ್ತಾರು ಪ್ರತಿ ಕೊಡೋಣ. ಒಂದು ತರಗತಿಯ ಮಕ್ಕಳೆಲ್ಲ ಒಂದೇ ಕಥೆ ಓದಿದಾಗ ಮಾತ್ರ ವಾದ ಹುಟ್ಟುತ್ತದೆ, ವಾದ ಹುಟ್ಟಿದಾಗ ಪ್ರಬಂಧ ಹುಟ್ಟುತ್ತದ. ನನ್ನ ಪಾಲಿನ ಪ್ರತಿಗಳನ್ನು ಇವತ್ತೇ ಗ್ರಂಥಾಲಯಕ್ಕೆ ಒಪ್ಪಿಸುತ್ತೇನೆ.

ಮಕ್ಕಳೇ, ಕೊನೆಯದಾಗಿ ನಿಮಗೊಂದು ಮನೆಗೆಲಸ. ಈ ವಾರ ನಿಮಗೆ ಇಷ್ಟವಾದ ಒಂದು ಇಂಗ್ಲಿಷ್ ಪಾಠ ತೆಗೆದುಕೊಂಡು ಒಂದು ಮೂಲಮಾತು ಬರೆಯಿರಿ. ಪಕ್ಕದವರು ಅದಕ್ಕೆ "ಇಲ್ಲ" ಎನ್ನಲಿ. ಆಮೇಲೆ ಇಬ್ಬರೂ ಪುಸ್ತಕ ತೆರೆದು ಸಾಕ್ಷಿ ಹುಡುಕಿ. ಯಾರು ಗೆದ್ದರು ಎಂಬುದು ಮುಖ್ಯವಲ್ಲ. ಹಾಗೆ ಬರೆಯಬಹುದಾ ಎಂದು ಮುಂದೆ ಯಾರನ್ನೂ ಕೇಳಬೇಡಿ. ಪುಸ್ತಕದಲ್ಲಿ ಸಾಕ್ಷಿ ಇದ್ದರೆ ಬರೆಯಬಹುದು. ಅದು ನಿಮ್ಮ ಹಕ್ಕು.

 ಐವತ್ತು ತುಂಬಿದ ಶಾಲೆ ನೂರು ತುಂಬಲಿ.